ಪ್ಲಾಸ್ಟಿಕ್ ಕೊಡ, ಚನ್ನಪಟ್ಟಣದ ಗೊಂಬೆ ಮತ್ತು ‘ನಿತ್ಯಬಳಕೆ’ ಎಂಬ ಮಾತು

ಪ್ಲಾಸ್ಟಿಕ್ ಕೊಡಕ್ಕೆ ಆ ಆಕಾರ ಎಲ್ಲಿಂದ ಬಂತು? ಪ್ಲಾಸ್ಟಿಕ್ಕಿಗೆ ಅದರ ಅಗತ್ಯವೇನೂ ಇಲ್ಲ. ಅಚ್ಚು ಹೇಗಿದ್ದರೆ ಹಾಗೆ ನಿಲ್ಲುವ ವಸ್ತು ಅದು. ಚೌಕಾಕಾರದ ಡಬ್ಬಿ ಮಾಡಿದ್ದರೆ ಅಷ್ಟೇ ಜಾಗದಲ್ಲಿ ಇನ್ನೂ ಹೆಚ್ಚು ನೀರು ಹಿಡಿಯುತ್ತಿತ್ತು. ಆದರೂ ಅದಕ್ಕೆ ಕಿರಿದಾದ ಕುತ್ತಿಗೆ ಇದೆ, ಬೆರಳು ಸಿಕ್ಕಿಸಿ ಎತ್ತಲು ಹೊರಬಾಗಿದ ಬಾಯಿ ಇದೆ, ಸೊಂಟದ ಮೇಲೆ ಕೂರುವಷ್ಟೇ ಉಬ್ಬಿದ ಹೊಟ್ಟೆ ಇದೆ. ಕುಂಬಾರ ತಿಗರಿಯ ಮೇಲೆ ಕಂಡುಕೊಂಡದ್ದನ್ನು, ಕಂಚುಗಾರ ತಾಮ್ರ ಹಿತ್ತಾಳೆಯ ತಗಡಿನಲ್ಲಿ ಬಡಿದು ಉಳಿಸಿಕೊಂಡದ್ದನ್ನು ಕಾರ್ಖಾನೆಯ ಅಚ್ಚು ಹಾಗೇ ಎತ್ತಿಕೊಂಡಿತು. ವಸ್ತು ಬದಲಾದರೂ ಬೀದಿ ನಲ್ಲಿಯ ಮುಂದೆ ಸಾಲು ನಿಂತವರ ಸೊಂಟ ಬದಲಾಗಿರಲಿಲ್ಲ.

ನಾನಿರುವ ನಾಯಂಡಹಳ್ಳಿಯಲ್ಲಿ ಈ ಕೊಡಗಳ ಅಂತ್ಯವನ್ನು ದಿನವೂ ನೋಡಬಹುದು. ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವಲ್ಲಿ, ವೃಷಭಾವತಿಯ ಆಸುಪಾಸಿನ ಓಣಿಗಳಲ್ಲಿ, ಗುಜರಿ ಪ್ಲಾಸ್ಟಿಕ್ಕನ್ನು ಬಣ್ಣ ಬಣ್ಣವಾಗಿ ಬೇರ್ಪಡಿಸುವ, ಪುಡಿ ಮಾಡುವ ಸಣ್ಣ ಸಣ್ಣ ಜಾಗಗಳಿವೆ. ಸೀಳಿದ ಕೊಡ, ಕಾಲು ಮುರಿದ ಕುರ್ಚಿ, ಚಕ್ರ ಕಳೆದುಕೊಂಡ ಆಟದ ಲಾರಿ ಎಲ್ಲವೂ ಮೂಟೆಯಲ್ಲಿ ಬಂದು ಚೂರಾಗಿ ಹೋಗುತ್ತವೆ. ಇದೇ ಮೈಸೂರು ರಸ್ತೆಯಲ್ಲಿ ಕೆಂಗೇರಿ, ಬಿಡದಿ, ರಾಮನಗರ ದಾಟಿ ಸುಮಾರು 50 ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಅಲ್ಲಿಯ ಮರದ ಆಟಿಕೆಗಳು ಈಗ ‘ಆಧುನಿಕ ನಿತ್ಯಬಳಕೆಗೆ ಮರುರೂಪಗೊಂಡ ಪರಂಪರೆ’ ಎಂಬ ಹೆಸರಿನಲ್ಲಿ ಬೆಂಗಳೂರಿನ ಅಂಗಡಿಗಳಿಗೂ ಮೊಬೈಲ್ ಪರದೆಗಳಿಗೂ ಬರುತ್ತಿವೆ. ಈ ‘ನಿತ್ಯಬಳಕೆ’ ಎಂಬ ಮಾತಿನ ಬಗ್ಗೆ ನನಗೊಂದು ತಕರಾರಿದೆ. ಯಾರ ನಿತ್ಯ? ಎಂಥ ಬಳಕೆ?

ಕೊಡದಿಂದಲೇ ಶುರುಮಾಡಿದ್ದು ಬೇಕೆಂದೇ. ಕರಕುಶಲ ವಸ್ತುವನ್ನು ಹೊಸ ಕಾಲಕ್ಕೆ ಒಗ್ಗಿಸುವ ಕೆಲಸವನ್ನು ನಮ್ಮಲ್ಲಿ ಅತ್ಯಂತ ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಯಾವ ವಿನ್ಯಾಸಕಾರರೂ ಅಲ್ಲ, ಹೆಸರಿಲ್ಲದ ಪ್ಲಾಸ್ಟಿಕ್ ಕಾರ್ಖಾನೆಗಳು. ಅವು ಬಳಸುವವರ ಮೈಯ ರೂಢಿಯನ್ನು ಉಳಿಸಿಕೊಂಡವು, ಮಾಡುವವರ ಕೈಯನ್ನು ಬಿಟ್ಟವು. ಇಂದಿನ ಸುಂದರವಾದ ಮರುರೂಪಗಳು ಹೆಚ್ಚಾಗಿ ಇದರ ತಲೆಕೆಳಗು. ಕೈಯ ಗುರುತನ್ನು ಉಳಿಸಿಕೊಳ್ಳುತ್ತವೆ, ಮೈಯ ರೂಢಿಯನ್ನು ಬಿಡುತ್ತವೆ. ಬೀದರಿನ ಬಿದರಿ ಕೆಲಸವನ್ನೇ ನೋಡಿ. ಸತು ತಾಮ್ರದ ಎರಕದ ಮೇಲೆ ಬೆಳ್ಳಿಯ ಎಳೆ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ತರಿಸುವ ಆ ಕಸುಬು ಒಂದು ಕಾಲದಲ್ಲಿ ಹುಕ್ಕಾದ ಬುಡ, ಎಲೆಯಡಿಕೆಯ ಡಬ್ಬಿ ಮಾಡುತ್ತಿತ್ತು. ಶ್ರೀಮಂತರದೇ ಆದರೂ ಅವು ದಿನಬಳಕೆಯ ಸಾಮಾನು. ಈಗ ಅದೇ ಬೆಳ್ಳಿಯ ಬಳ್ಳಿ ಪೆನ್‌ಡ್ರೈವಿನ ಕವಚದ ಮೇಲೆ ಹಬ್ಬಿದೆ. ಪೆನ್‌ಡ್ರೈವ್ ಬಳಸುವುದನ್ನೇ ಜನ ಬಿಡುತ್ತಿದ್ದಾರೆ ಎನ್ನುವುದು ಬೇರೆ ಮಾತು.

ಈ ಇಬ್ಬಗೆ ನಮ್ಮದು ಮಾತ್ರವಲ್ಲ. ಕೊರಿಯಾದ ಧಾರಾವಾಹಿಗಳ ಹುಚ್ಚು ನಮ್ಮ ಹಾಸ್ಟೆಲುಗಳಿಗೆ ಬಂದಮೇಲೆ ಅಲ್ಲಿಯ ಕರಕುಶಲ ವಸ್ತುಗಳ ಚಿತ್ರಗಳೂ ಹಿಂದೆಯೇ ಬಂದಿವೆ. ಮುತ್ತಿನ ಚಿಪ್ಪು ಕೂರಿಸಿದ ಅರಗಿನ ಕೆಲಸ, ಚಿಂದಿ ಬಟ್ಟೆ ಕೂಡಿಸಿ ಹೊಲಿದ ‘ಜೊಗಾಕ್ಬೊ’, ಬಿಳಿಯ ‘ಚಂದ್ರ ಭರಣಿ’. ಈ ಚಂದ್ರ ಭರಣಿಯ ಕತೆ ಸ್ವಾರಸ್ಯದ್ದು. ಜೋಸನ್ ಅರಸರ ಕಾಲದಲ್ಲಿ, ಸುಮಾರು 17–18ನೇ ಶತಮಾನದಲ್ಲಿ, ಎರಡು ದೊಡ್ಡ ಬೋಗುಣಿಗಳನ್ನು ಬಾಯಿಗೆ ಬಾಯಿ ಕೂಡಿಸಿ ಮಾಡುತ್ತಿದ್ದ ಪಿಂಗಾಣಿ ಪಾತ್ರೆ ಅದು. ಕೂಡಿಸಿದ ನಡು ಸ್ವಲ್ಪ ಸೊಟ್ಟಗಿರುತ್ತದೆ. ‘ಚಂದ್ರ’ ಎಂಬ ಹೆಸರು ಅದಕ್ಕೆ ಬಂದದ್ದು 20ನೇ ಶತಮಾನದಲ್ಲಿ, ಬಳಕೆ ತಪ್ಪಿದ ಮೇಲೆ. ಇಂಗ್ಲೆಂಡಿನ ಕುಂಬಾರ ಬರ್ನಾರ್ಡ್ ಲೀಚ್ 1935ರಲ್ಲಿ ಸೋಲ್ ನಗರದಲ್ಲಿ ಕೊಂಡ ಒಂದು ಭರಣಿ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಬರಿಯ ಪಾತ್ರೆಯಾಗಿದ್ದಷ್ಟು ದಿನ ಅದಕ್ಕೆ ಕವಿತ್ವದ ಹೆಸರು ಬೇಕಿರಲಿಲ್ಲ.

ಇನ್ನೊಂದು ಕಡೆ ‘ಒಂಗಿ’ ಇದೆ. ಉಸಿರಾಡುವ ಮಣ್ಣಿನ ಗಡಿಗೆ. ಕಿಮ್ಚಿಯನ್ನು ಅದರಲ್ಲಿ ತುಂಬಿ ಚಳಿಗಾಲದಲ್ಲಿ ನೆಲದಲ್ಲಿ ಹೂಳುತ್ತಿದ್ದರು. ಜನ ಅಪಾರ್ಟ್‌ಮೆಂಟುಗಳಿಗೆ ಹೋದಮೇಲೆ ಹೂಳಲು ನೆಲವೆಲ್ಲಿ? 1990ರ ದಶಕದಲ್ಲಿ ಅಲ್ಲಿ ಮನೆಮಾತಾದದ್ದು ಕಿಮ್ಚಿಗೆಂದೇ ಮಾಡಿದ ಫ್ರಿಜ್ಜು. ಹೂತ ಗಡಿಗೆಯ ಸುತ್ತಲಿನ ಮಣ್ಣು ಕೊಡುತ್ತಿದ್ದ ಏಕಪ್ರಕಾರದ ತಂಪನ್ನು ಅದು ಯಂತ್ರದಿಂದ ಕೊಡುತ್ತದೆ. ಗಡಿಗೆಯ ಚಿತ್ರವೂ ಅದರ ಮೇಲೆ ಇರಬೇಕಿಲ್ಲ. ಇದು ನಮ್ಮ ಪ್ಲಾಸ್ಟಿಕ್ ಕೊಡದ ಅಣ್ಣತಮ್ಮ. ಚಂದ್ರ ಭರಣಿ ಬಿದರಿ ಪೆನ್‌ಡ್ರೈವಿನ ದೊಡ್ಡಮ್ಮ.

ಕೊರಿಯಾದ ಮಾತು ತೆಗೆದದ್ದಕ್ಕೆ ಇನ್ನೊಂದು ಕಾರಣ ಯಾನಾಗಿ ಸೋಯೆತ್ಸು. ‘ಮಿಂಗೇ’ ಅಂದರೆ ಜನಸಾಮಾನ್ಯರ ಕರಕುಶಲ ಎಂಬ ಕಲ್ಪನೆಯನ್ನು 1920ರ ದಶಕದಲ್ಲಿ ರೂಪಿಸಿದ ಜಪಾನಿನ ಚಿಂತಕ. ಇಂದು ಜಗತ್ತಿನೆಲ್ಲೆಡೆ ‘ನಿತ್ಯಬಳಕೆಯ ಸೌಂದರ್ಯ’ ಎಂದು ಮಾತಾಡುವವರೆಲ್ಲ ಗೊತ್ತಿದ್ದೋ ಗೊತ್ತಿಲ್ಲದೆಯೋ ಅವನ ಭಾಷೆಯನ್ನೇ ಆಡುತ್ತಾರೆ. ಅವನು ಅದನ್ನು ಕಲಿತದ್ದು ಕೊರಿಯಾದ ಪಾತ್ರೆಗಳಿಂದ. ಕೊರಿಯಾ ಆಗ ಜಪಾನಿನ ವಸಾಹತು. ಯಾನಾಗಿ ಆ ಜನರ ಪರವಾಗಿ ಬರೆದ, ಸೋಲ್‌ನ ಅರಮನೆಯ ಗ್ವಾಂಗ್‌ಹ್ವಾಮುನ್ ದ್ವಾರವನ್ನು ಕೆಡವಬಾರದೆಂದು ದನಿಯೆತ್ತಿದ, 1924ರಲ್ಲಿ ಅಲ್ಲಿ ಒಂದು ಜಾನಪದ ಕಲಾ ಮ್ಯೂಸಿಯಂ ಕಟ್ಟಿದ. ಜೊತೆಗೆ, ಕೊರಿಯಾದ ಕಲೆಯ ಸೊಬಗು ದುಃಖದ ಸೊಬಗು ಎಂದೂ ಹೇಳಿದ. ಮುಂದೆ ಕೊರಿಯಾದ ವಿಮರ್ಶಕರು ಅವನನ್ನು ಹಿಡಿದುಕೊಂಡದ್ದು ಇಲ್ಲೇ. ಪ್ರೀತಿಯಿಂದ ನೋಡುವ ಹೊರಗಿನವನಿಗೆ ಮಾಡುವವನ ಬಿಳುಪು ದುಃಖವಾಗಿ ಕಾಣುತ್ತದೆ. ಅವನ ಹೆಸರಿಲ್ಲದಿರುವುದು ವಿನಯವಾಗಿ ಕಾಣುತ್ತದೆ. ಈ ಎರಡನೆಯ ಮಾತಿಗೆ ಮತ್ತೆ ಬರುತ್ತೇನೆ.

ಈಗ ಚನ್ನಪಟ್ಟಣ. ಅಲ್ಲಿಯ ಗೊಂಬೆಯ ಬಗ್ಗೆ ನಾವು ಸಾಮಾನ್ಯವಾಗಿ ಓದುವುದು ಬಣ್ಣ, ಬಾಲ್ಯ, ಟಿಪ್ಪು ಸುಲ್ತಾನ. ಕೆಲಸದ ಬಗ್ಗೆ ಓದುವುದು ಕಡಿಮೆ. ಆಲೆ ಮರ ಬೆಳ್ಳಗೆ, ಮೃದುವಾಗಿ, ಎಳೆ ಕಾಣದಷ್ಟು ನಯವಾಗಿರುತ್ತದೆ. ಒಣಗಿಸಿದ ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿ ಹಿಡಿದು ಕಡೆಯುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಮೇಲೆ ಒಣಗಿದ ಕೇದಗೆಯ ಎಲೆಯಿಂದ ಒತ್ತಿ ಹಿಡಿದರೆ ಆ ಹೊಳಪು. ಕುಂಚವಿಲ್ಲ, ಒಲೆಯಿಲ್ಲ. ಬಣ್ಣ ಬಳಿಯುವುದಕ್ಕೂ ಬಣ್ಣ ಬೇಯಿಸುವುದಕ್ಕೂ ತಿರುಗುವಿಕೆಯೊಂದೇ ಸಾಕು.

ಹಾಗಾಗಿ ಚನ್ನಪಟ್ಟಣದ ಎಲ್ಲ ರೂಪಗಳ ಹಿಂದೆಯೂ ಒಂದು ನಿಯಮವಿದೆ: ಲೇತಿನಿಂದ ಹೊರಬರುವುದು ದುಂಡಗೇ ಇರಬೇಕು. ಕುದುರೆಯ ಹೊಟ್ಟೆ ದುಂಡು, ಕಾಲು ದುಂಡು, ಅವನ್ನು ಆಮೇಲೆ ಕೂಡಿಸಬೇಕು. ರಾಜ ರಾಣಿಯರಿಗೆ ಕೈಗಳಿಲ್ಲದೆ ಬರಿಯ ಮೈ, ತಲೆ, ಕಿರೀಟ ಇರುವುದು ಯಾರ ಕಲಾದೃಷ್ಟಿಯೂ ಅಲ್ಲ, ಲೇತಿನ ವ್ಯಾಕರಣ. ಷಟ್ಪದಿಯ ಕವಿಗೆ ಮಾತ್ರೆಗಳ ಲೆಕ್ಕ ಹೇಗೋ ಹಾಗೆ. ಈ ಗೊಂಬೆಗಳ ಮುದ್ದುತನವನ್ನು ಹೊಗಳುವವರು ಛಂದಸ್ಸನ್ನು ಭಾವ ಎಂದು ತಪ್ಪಾಗಿ ಓದುತ್ತಿದ್ದಾರೆ ಎನ್ನಿಸುತ್ತದೆ.

ಈ ವ್ಯಾಕರಣ ಒಂದೇ ಜಾಗದಲ್ಲಿ ಹುಟ್ಟಿ ಹಾಗೇ ಉಳಿದದ್ದೂ ಅಲ್ಲ. ಟಿಪ್ಪು ಪರ್ಷಿಯಾದಿಂದ ಕಸುಬುದಾರರನ್ನು ಕರೆಸಿದ ಎಂದು ಊರು ಹೇಳುತ್ತದೆ. ಕಳೆದ ಶತಮಾನದಲ್ಲಿ ಬಾವಾಸ್ ಮಿಯಾ ಜಪಾನಿನ ಗೊಂಬೆ ತಯಾರಿಕೆಯ ತಂತ್ರಗಳನ್ನು ಅಲ್ಲಿಗೆ ತಂದರೆಂದು ಅವರನ್ನು ಈಗಲೂ ನೆನೆಯುತ್ತಾರೆ. ಬಿಲ್ಲಿನಿಂದ ತಿರುಗಿಸುವ ಕೈ ಲೇತಿನ ಜೊತೆಗೆ ಕರೆಂಟಿನ ಲೇತು ಬಂತು. ಮೈಸೂರು ಮಣ್ಣಿನ ಮರ, ಪರ್ಷಿಯಾದ ನೆನಪು, ಜಪಾನಿನ ತಂತ್ರ. ಹೀಗಿರುವಾಗ ‘ಪರಂಪರೆಯನ್ನು ನಾವು ಇಂದಿನ ಕಾಲಕ್ಕೆ ತಂದಿದ್ದೇವೆ’ ಎಂದು ಯಾವುದೋ ಹೊಸ ಅಂಗಡಿ ಹೇಳಿಕೊಂಡರೆ ನಗು ಬರುತ್ತದೆ. ಚನ್ನಪಟ್ಟಣ ಯಾವ ಕಾಲದಲ್ಲಿ ಇಂದಿನ ಕಾಲದಲ್ಲಿ ಇರಲಿಲ್ಲ?

ಹೊಸ ವಸ್ತುಗಳ ಬಗ್ಗೆ ನ್ಯಾಯವಾಗಿ ಹೇಳಬೇಕಾದ್ದೂ ಇದೆ. ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ವಿನ್ಯಾಸಕಾರರು ಚನ್ನಪಟ್ಟಣಕ್ಕೆ ತಂದ ಕೆಲವು ರೂಪಗಳು ನಿಜಕ್ಕೂ ಚೆನ್ನಾಗಿವೆ. ಬಾಗಿಲಿನ ಹಿಡಿ, ಪರದೆಯ ಕಂಬಿಯ ತುದಿಗುಂಡು, ಬಳೆ, ಮಣಿಸರ. ಇವೆಲ್ಲ ದುಂಡಗಿವೆ, ಅಂದರೆ ಆ ವ್ಯಾಕರಣಕ್ಕೆ ಒಗ್ಗಿವೆ. ಬಾಗಿಲಿನ ಹಿಡಿಯನ್ನು ದಿನಕ್ಕೆ ಹತ್ತು ಸಲ ಮುಟ್ಟುತ್ತೇವೆ, ಅರಗಿನ ನಯ ಅಲ್ಲಿ ಕೈಗೆ ತಾಕುತ್ತದೆ. ನನ್ನ ಜಗಳ ಇವುಗಳೊಂದಿಗಲ್ಲ. ಊಟದ ಮೇಜಿನ ಕರವಸ್ತ್ರ ಸುತ್ತುವ ಮರದ ಉಂಗುರದೊಂದಿಗೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಕರವಸ್ತ್ರವನ್ನು ಉಂಗುರದೊಳಗೆ ತೂರಿಸಿ ಊಟಕ್ಕಿಡುತ್ತಾರೆ? ಅದು ಯಾರದೋ ನಿತ್ಯ ಇರಬಹುದು, ಇಲ್ಲಿಯದಂತೂ ಅಲ್ಲ. ಇಲ್ಲಿ ಅದನ್ನು ಕೊಂಡವರು ಗಾಜಿನ ಕಪಾಟಿನಲ್ಲಿ ಇಡುತ್ತಾರೆ. ಕಪಾಟಿನೊಳಗೆ ಹೋದ ಮೇಲೆ ಪೆಟ್ಟು ಬೀಳದು, ಸವೆಯದು, ಇನ್ನೊಂದು ಬೇಕಾಗದು. ಕಸುಬುದಾರನಿಗೆ ಬೇಕಾದ್ದು ಮತ್ತೆ ಮತ್ತೆ ಬರುವ ಗಿರಾಕಿ. ಮನೆಗೊಂದೇ ಸಲ ಕೊಳ್ಳುವ ನೆನಪಿನ ಕಾಣಿಕೆಯಿಂದ ಅವನ ಲೇತು ವರ್ಷಪೂರ್ತಿ ತಿರುಗುವುದಿಲ್ಲ.

ಆಟಿಕೆಯದೇ ಬೇರೆ ಕತೆ. ಆಟಿಕೆ ಅಂದರೆ ಮಗು ಬಾಯಿಗಿಡುವ, ಎಸೆಯುವ, ಮುರಿಯುವ ಸಾಮಾನು. ನಿತ್ಯಬಳಕೆಯ ವಸ್ತುವಿಗೆ ಇದಕ್ಕಿಂತ ಕಠಿಣ ಪರೀಕ್ಷೆಯಿಲ್ಲ. 2021ರ ಜನವರಿಯಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಬಿಐಎಸ್ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ಅಗ್ಗದ ಆಮದು ಆಟಿಕೆಗಳನ್ನು ತಡೆಯುವುದೂ ಅದರ ಉದ್ದೇಶ. ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೂ ಜಿಐ ಮಾನ್ಯತೆ ಇರುವ ಆಟಿಕೆಗಳಿಗೂ ಅದರಿಂದ ವಿನಾಯಿತಿ ಸಿಕ್ಕಿತು. ಚನ್ನಪಟ್ಟಣ ಎರಡೂ ಕಡೆಯಿಂದ ಈ ವಿನಾಯಿತಿಯೊಳಗೆ ಬರುತ್ತದೆ. ಸಣ್ಣ ಮನೆಗಳಲ್ಲಿ ಎರಡು ಲೇತು ಇಟ್ಟುಕೊಂಡವರಿಗೆ ಪ್ರಯೋಗಾಲಯದ ಖರ್ಚು ಹೊರಲಾಗದು, ಆದ್ದರಿಂದ ವಿನಾಯಿತಿ ಬೇಕಾದ್ದೇ. ಆದರೂ ಅದರ ಒಳದನಿ ಕಿವಿಗೆ ಚುಚ್ಚುತ್ತದೆ. ‘ಇದು ಪರಂಪರೆ, ಇದಕ್ಕೆ ಆಟಿಕೆಯ ನಿಯಮ ಬೇಡ’ ಎಂದಂತೆ. ಅರಗು, ಅರಿಶಿನ, ನೀಲಿಯ ಬಣ್ಣ ಮಗುವಿನ ಬಾಯಿಗೆ ಪ್ಲಾಸ್ಟಿಕ್ಕಿಗಿಂತ ಒಳ್ಳೆಯದು ಎನ್ನುವುದೇ ಅದರ ದೊಡ್ಡ ವಾದವಾಗಬಹುದಿತ್ತು. ಆ ಪರೀಕ್ಷೆಯನ್ನು ಸರ್ಕಾರದ ಖರ್ಚಿನಲ್ಲೇ ಊರಿನೊಳಗೇ ಮಾಡಿಸಿಕೊಟ್ಟು, ಮುದ್ರೆ ಒತ್ತಿ ಕಳಿಸಿದ್ದರೆ ಗೊಂಬೆ ಅಂಗನವಾಡಿಗೆ ಹೋಗುತ್ತಿತ್ತು. ಈಗ ಸ್ತಬ್ಧಚಿತ್ರಕ್ಕೆ ಹೋಗುತ್ತದೆ. 2022ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ರಸ್ತೆಯಲ್ಲಿ ಕರ್ನಾಟಕದ ಕರಕುಶಲ ಕಲೆಗಳ ಸ್ತಬ್ಧಚಿತ್ರ ಸಾಗಿತು. ಚನ್ನಪಟ್ಟಣವೂ ಅದರಲ್ಲಿತ್ತು.

ದೆಹಲಿಯಲ್ಲಿ ರಸ್ತೆ ಸಿಕ್ಕಿದ ಮರುವರ್ಷವೇ ಊರಿನಲ್ಲಿ ರಸ್ತೆ ತಪ್ಪಿತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಬೈಪಾಸಿನಲ್ಲಿ ಚನ್ನಪಟ್ಟಣವನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಹಳೆಯ ರಸ್ತೆಯ ಬದಿಯ ಆಟಿಕೆ ಅಂಗಡಿಗಳು ಬದುಕಿದ್ದೇ ಮೈಸೂರಿಗೆ ಹೋಗುವ ಕಾರುಗಳು ಕಾಫಿಗೆ ನಿಂತಾಗ. ಮಗು ಹಟ ಮಾಡಿದಾಗ, ಅಜ್ಜಿ ಮೊಮ್ಮಗನಿಗೆ ಒಂದು ಗಿಲಕಿ ಕೊಂಡಾಗ. ಆ ವ್ಯಾಪಾರದಲ್ಲಿ ‘ಪರಂಪರೆ’ ಎಂಬ ಮಾತೇ ಇರಲಿಲ್ಲ, ಚೌಕಾಸಿ ಇತ್ತು. ಕೆಲವರು ಆ ಅಂಗಡಿಗಳ ಸಾಮಾನನ್ನು ಒರಟು, ಗಾಢ ಬಣ್ಣದ್ದು ಎಂದು ಮೂಗು ಮುರಿಯುತ್ತಿದ್ದರು. ನನಗೆ ಅವೇ ಚನ್ನಪಟ್ಟಣದ ನಿಜವಾದ ಆಧುನಿಕ ಘಟ್ಟ ಎನ್ನಿಸುತ್ತದೆ. ರೈಲು, ಲಾರಿ, ಬಸ್ಸು, ಅಬಾಕಸ್ ಎಲ್ಲವೂ ಅಲ್ಲಿ ಗಿರಾಕಿ ಕೇಳಿದ್ದಕ್ಕೆ ಬಂದವು. ಹೊಸ ಹೆದ್ದಾರಿಯ ವೇಗಕ್ಕೆ ಆ ಗಿರಾಕಿ ಸಿಗುವುದಿಲ್ಲ. ಕಸುಬನ್ನು ಇಂದಿನ ಬದುಕಿಗೆ ಒಗ್ಗಿಸುವುದು ಎಂದರೆ ಹೊಸ ಬಣ್ಣದ ಪಟ್ಟಿ ತಯಾರಿಸುವುದು ಎಂದುಕೊಂಡವರು ಬೈಪಾಸಿನ ನಕ್ಷೆಯನ್ನೂ ಒಂದು ಸಲ ನೋಡಬೇಕು.

ಇನ್ನು ಹೆಸರಿನ ಮಾತು. ಈ ಹೊಸ ವಸ್ತುಗಳಿಗೆ ಕಟ್ಟಿರುವ ಚೀಟಿಗಳನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ಓದುತ್ತೇನೆ. ಕನ್ನಡದಲ್ಲಿದ್ದರೆ ಅವುಗಳ ಕ್ರಿಯಾಪದ ಯಾವಾಗಲೂ ‘ತಯಾರಿಸಲ್ಪಟ್ಟಿದೆ’. ಕನ್ನಡ ಬಾಯಲ್ಲಿ ಸಹಜವಾಗಿ ಬಾರದ ಈ ಕರ್ಮಣಿ ಪ್ರಯೋಗ ಚೀಟಿಯಲ್ಲಿ ಮಾತ್ರ ಆರಾಮಾಗಿ ಕೂತಿರುತ್ತದೆ. ಮಾಡಿದವರು ಯಾರೆಂದು ಹೇಳದೆ ಮಾಡಿದ್ದನ್ನು ಹೇಳುವ ಉಪಾಯ ಅದು. ವಿನ್ಯಾಸಕಾರರಿಗೆ ಹೆಸರು, ಅಂಗಡಿಗೆ ಹೆಸರು, ಊರಿಗೆ ಜಿಐ, ಕಡೆದವರಿಗೆ ‘ನಮ್ಮ ಕುಶಲಕರ್ಮಿಗಳು’. ಯಾನಾಗಿ ಇದಕ್ಕೊಂದು ದರ್ಶನವನ್ನೇ ಕೊಟ್ಟಿದ್ದ: ಒಳ್ಳೆಯ ಕುಶಲಕರ್ಮಿ ಅಜ್ಞಾತ, ಅಹಂಕಾರವಿಲ್ಲದವನು, ಅವನ ಮೂಲಕ ಪರಂಪರೆಯೇ ಕೆಲಸ ಮಾಡುತ್ತದೆ. ಓದಲು ಸೊಗಸು. ಆದರೆ ಕನ್ನಡ ಓದಿದವರು ಇದನ್ನು ಒಪ್ಪಬೇಕಾಗಿಲ್ಲ. ನಮ್ಮಲ್ಲಿ ಕಸುಬುದಾರರು ತಮ್ಮ ಕಸುಬನ್ನೇ ಹೆಸರಿನ ಮುಂದಿಟ್ಟುಕೊಂಡು ಮಾತಾಡಿದ್ದಾರೆ. ಜೇಡರ ದಾಸಿಮಯ್ಯ ನೇಯುವವನು, ಮೇದಾರ ಕೇತಯ್ಯ ಬಿದಿರು ಹೆಣೆಯುವವನು. ದೋಣಿ ನಡೆಸುವ ಅಂಬಿಗರ ಚೌಡಯ್ಯನಂತೂ ಇಷ್ಟದೈವದ ಹೆಸರಿನ ಬದಲು ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡ. ಒಂಬೈನೂರು ವರ್ಷಗಳ ಹಿಂದೆಯೇ ಅಂಕಿತ ಹಾಕಿದ ಜನರ ನಾಡಿನಲ್ಲಿ, ಇವತ್ತು ಒಂದು ಬಾಗಿಲಿನ ಹಿಡಿಯ ಚೀಟಿಯಲ್ಲಿ ಕಡೆದವರ ಹೆಸರಿಗೆ ಜಾಗವಿಲ್ಲ. ನೇಕಾರ ಮನೆತನದಿಂದ ಬಂದ ಡಿ.ಆರ್. ನಾಗರಾಜ್ ಕುಶಲಕರ್ಮಿ ಸಮುದಾಯಗಳನ್ನು ತಂತ್ರಜ್ಞಾನ ಬಲ್ಲ ಸಮುದಾಯಗಳೆಂದು ನೋಡಬೇಕೆಂದು ಒತ್ತಿದ್ದು ಇದೇ ಕಾರಣಕ್ಕೆ ಇರಬೇಕು. ‘ಕಲೆ’ ಎಂದಾಕ್ಷಣ ಆ ತಿಳಿವಳಿಕೆ ಮಾಯವಾಗಿ ಬರಿಯ ಬೆರಳಿನ ಚಳಕ ಉಳಿಯುತ್ತದೆ.

ಕೈ, ಮೈ ಎರಡನ್ನೂ ಒಟ್ಟಿಗೆ ಉಳಿಸಲು ನೋಡಿದ ಪ್ರಯತ್ನ ನಮ್ಮಲ್ಲಿ ಆಗಿಲ್ಲವೆಂದಲ್ಲ. ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಸಾಗರದ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ಕಟ್ಟಿದ ‘ಚರಕ’ ಮಹಿಳೆಯರ ಸಹಕಾರ ಸಂಘ. ಕೈಮಗ್ಗದ ಹತ್ತಿ ಬಟ್ಟೆ, ಸಹಜ ಬಣ್ಣ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರೇ ಅಲ್ಲಿ ಬಣ್ಣವಾಯಿತು. ಅದು ಪ್ರದರ್ಶನಕ್ಕಿಡುವ ಬಟ್ಟೆಯಾಗಿರಲಿಲ್ಲ. ‘ದೇಸಿ’ ಅಂಗಡಿಯ ಜುಬ್ಬ ತೊಟ್ಟು ಬಸ್ಸು ಹತ್ತಿ ಕಾಲೇಜಿಗೆ ಹೋಗುವ ಮೇಷ್ಟ್ರುಗಳ ಒಂದು ಪೀಳಿಗೆಯನ್ನೇ ನಾವು ನೋಡಿದ್ದೇವೆ. ‘ದೇಸಿ ಜೀವನ ಪದ್ಧತಿ’, ‘ಯಂತ್ರಗಳನ್ನು ಕಳಚೋಣ ಬನ್ನಿ’ ಪುಸ್ತಕಗಳಲ್ಲಿ ಪ್ರಸನ್ನ ಹೇಳುವುದನ್ನು ನನ್ನ ಮಾತಲ್ಲಿ ಹೇಳುವುದಾದರೆ, ವಸ್ತುವನ್ನು ಬದಲಿಸುವ ಮುಂಚೆ ನಿತ್ಯವನ್ನೇ ಬದಲಿಸಬೇಕು. ನಿಧಾನವಾಗಬೇಕು, ಕೈಗೆ ಕೆಲಸ ಕೊಡಬೇಕು. ಮರುರೂಪದ ಅಂಗಡಿಗಳು ಕೇಳುವ ಪ್ರಶ್ನೆಗಿಂತ ಇದು ಎಷ್ಟೋ ದೊಡ್ಡದು.

ಆದರೂ ನನಗೊಂದು ಅಸಮಾಧಾನ ಉಳಿಯುತ್ತದೆ. ಆ ವಾದದ ಭಾರವೆಲ್ಲ ತೊಡುವವನ ಅಂತಃಕರಣದ ಮೇಲೆ ಬೀಳುತ್ತದೆ. ಹೌಸ್‌ಕೀಪಿಂಗ್ ಕೆಲಸ ಮುಗಿಸಿ ನಾಯಂಡಹಳ್ಳಿ ಮೆಟ್ರೊ ಇಳಿದು ಬರುವ ಹೆಂಗಸಿಗೆ ನಿಧಾನವಾಗಿ ಬದುಕಿ ಎಂದು ಹೇಳುವುದು ಹೇಗೆ? ಅವಳಿಗೆ ನೂಲಿನ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಉಡುವ ಪುರುಸೊತ್ತೆಲ್ಲಿ? ಸಿಂಥೆಟಿಕ್ ಸೀರೆ ಅವಳ ನಿತ್ಯಕ್ಕೆ ಒಗ್ಗಿದೆ, ಪ್ಲಾಸ್ಟಿಕ್ ಕೊಡದ ಹಾಗೆಯೇ. ಪ್ರಸನ್ನರಿಗೆ ಇದು ಗೊತ್ತಿಲ್ಲದ್ದೇನಲ್ಲ. 2017ರಲ್ಲಿ ಕೈಉತ್ಪನ್ನಗಳ ಮೇಲೆ ಜಿಎಸ್‌ಟಿ ಬೇಡವೆಂದು ಅವರು ಕರನಿರಾಕರಣೆ ಸತ್ಯಾಗ್ರಹ ನಡೆಸಿ ಬೆಂಗಳೂರಿನಲ್ಲಿ ಉಪವಾಸ ಕೂತದ್ದು ಬೆಲೆಯ ಪ್ರಶ್ನೆಯನ್ನು ಎತ್ತಲಿಕ್ಕೇ. 2020ರಲ್ಲಿ, ಕೊರೊನಾ ವರ್ಷದಲ್ಲಿ, ಚರಕ ದಿವಾಳಿಯಾಗಿದೆ ಎಂದು ಅವರೇ ಸಾರಿದರು. ಮಾರಾಟವಾಗದೆ ಬಟ್ಟೆ ರಾಶಿ ಬಿದ್ದಿತ್ತು. ಆಗ ಎಷ್ಟೋ ಜನ ಅಭಿಮಾನದಿಂದ ಬಟ್ಟೆ ಕೊಂಡರು. ಆದರೆ ಅಭಿಮಾನದಿಂದ ಕೊಂಡದ್ದು ನಿತ್ಯಬಳಕೆಯಾಗದು, ದಾನವಾಗುತ್ತದೆ. ನೇಯುವ ಹೆಂಗಸಿಗೆ ದಾನಿಯಿಂದ ಏನೂ ಲಾಭವಿಲ್ಲ ಎಂದಲ್ಲ, ಮುಂದಿನ ತಿಂಗಳು ಆ ದಾನಿ ಬರುವುದಿಲ್ಲ.

ಬೆಲೆ, ಪುರುಸೊತ್ತು, ಹೆಸರು ಈ ಮೂರೂ ಒಟ್ಟಿಗೆ ಸರಿಹೋದ ಒಂದು ವಸ್ತುವನ್ನು ಹುಡುಕಿದರೆ ನನಗೆ ಕಾಣುವುದು ಕೌದಿ. ಕೊರಿಯಾದ ಜೊಗಾಕ್ಬೊದ ಹಾಗೆ ಇದೂ ಚಿಂದಿಯಿಂದ ಹುಟ್ಟಿದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿ, ಹಳಿಯಾಳ ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೈಯಲ್ಲಿ ಇದು ಇನ್ನೂ ಜೀವಂತ. ಕೌದಿಯ ಒಂದು ಗುಣ ಚೆಂದ: ಅದನ್ನು ಅಂಗಡಿಯಿಂದ ತರುವ ರೂಢಿ ಇರಲಿಲ್ಲ. ಅವ್ವನ ಹರಿದ ಸೀರೆ, ಅಪ್ಪನ ಧೋತರ ಕೊಟ್ಟು, ಮನೆಯಲ್ಲಿ ಹೊಲಿಯುವವರಿಲ್ಲದಿದ್ದರೆ ಓಣಿಯಲ್ಲಿ ಹೊಲಿಯುವವಳಿಗೆ ಕೂಲಿ ಕೊಟ್ಟು ಹೊಲಿಸಬೇಕು. ಕಚ್ಚಾ ಸಾಮಾನು ನಿಮ್ಮದು, ಕೈ ಅವಳದು. ಅವಳ ಹೆಸರು ಓಣಿಗೆಲ್ಲ ಗೊತ್ತು. ಹರಿದರೆ ಅವಳ ಬಳಿಯೇ ಹೋಗಬೇಕು. ಈಗ ಸಿದ್ದಿ ಕೌದಿಗಳು ನಗರದ ಗ್ಯಾಲರಿಗಳಲ್ಲಿ ಗೋಡೆಗೆ ತೂಗುತ್ತವೆ. ಅದರಿಂದ ಬರುವ ದುಡ್ಡನ್ನು ನಾನು ಕೀಳಾಗಿ ಕಾಣಲಾರೆ. ಗೋಡೆಯ ಮೇಲಿನ ಕೌದಿಯಲ್ಲಿ ಸೇರಿರುವ ಸೀರೆ ಯಾರದು ಎಂದು ಮಾತ್ರ ಕೊಂಡವರಿಗೆ ಗೊತ್ತಿರುವುದಿಲ್ಲ.

ಚನ್ನಪಟ್ಟಣದಲ್ಲಿ ಕೌದಿಗೆ ಹತ್ತಿರದ ವಸ್ತು ಯಾವುದೆಂದು ಕೇಳಿದರೆ, ನಡೆಯಲು ಕಲಿಯುವ ಮಗು ಹಿಡಿದು ತಳ್ಳುವ ಮೂರು ಗಾಲಿಯ ಮರದ ಗಾಡಿ ಎನ್ನುತ್ತೇನೆ. ಮಗು ಎದ್ದು ನಿಂತಾಗ ಕೈ ಎಟುಕುವ ಎತ್ತರಕ್ಕೆ ಅದರ ಹಿಡಿ ಇರುತ್ತದೆ. ಕಪಾಟಿನಲ್ಲಿ ಇಡಲು ಬಾರದಷ್ಟು ದೊಡ್ಡದು. ಒಂದು ಮಗುವಿಗೆ ನಾಲ್ಕೈದು ತಿಂಗಳು ಸಾಕು, ಆಮೇಲೆ ಅಟ್ಟ ಸೇರುತ್ತದೆ. ತಂಗಿಯ ಮಗುವಿಗೋ ಪಕ್ಕದ ಮನೆಯ ಮಗುವಿಗೋ ಮತ್ತೆ ಇಳಿದು ಬರುತ್ತದೆ. ಹಾಗೆ ಮೂರು ನಾಲ್ಕು ಮನೆ ಸುತ್ತಿದ ಗಾಡಿಯನ್ನು ಗಮನಿಸಿ: ಗಾಲಿಯ ಕೆಂಪು, ಹಸಿರು ಹಾಗೇ ಇರುತ್ತದೆ, ಹಿಡಿಯ ನಡುವೆ ಒಂದು ಗೇಣಿನಷ್ಟು ಜಾಗದಲ್ಲಿ ಮಾತ್ರ ಅರಗೆಲ್ಲ ಸವೆದು ಆಲೆ ಮರದ ಬಿಳುಪು ಕಾಣುತ್ತಿರುತ್ತದೆ.